ಕರೆಂಟು ಹೋದರೂ ಫೋನು ಸಾಯದಿದ್ದ ಕಾಲ: 48 ವೋಲ್ಟಿನ ಕಥೆ

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಗಾಳಿಮಳೆ ಶುರುವಾದರೆ ಏನಾಗುತ್ತದೆ ಎಂದು ನಿಮಗೇ ಗೊತ್ತು. ಸಂಜೆ ಕರೆಂಟು ಹೋಗುತ್ತದೆ. ಒಂದಷ್ಟು ಹೊತ್ತು ಮೊಬೈಲಿನಲ್ಲಿ ಸಿಗ್ನಲ್ ಇರುತ್ತದೆ. ಆಮೇಲೆ ಅದೂ ಹೋಗುತ್ತದೆ. ಹೆರಿಗೆ ನೋವು ಬಂದರೆ 108ಕ್ಕೆ ಫೋನ್ ಮಾಡಲು ಬೈಕ್ ಹತ್ತಿ ಸಿಗ್ನಲ್ ಸಿಗುವ ದಿಬ್ಬ ಹುಡುಕಬೇಕು.

ಈಗ ಐವತ್ತು ದಾಟಿದ ಯಾರನ್ನಾದರೂ ಕೇಳಿ. ಅವರ ಮನೆಯಲ್ಲಿ ಲ್ಯಾಂಡ್‌ಲೈನ್ ಇದ್ದಿದ್ದರೆ, ಊರಿಗೆಲ್ಲ ಕತ್ತಲಾಗಿದ್ದರೂ ಅದು ಟ್ರಿಣ್ ಎನ್ನುತ್ತಿದ್ದುದು ಅವರಿಗೆ ನೆನಪಿರುತ್ತದೆ. ಆ ಫೋನಿಗೆ ಮನೆಯಲ್ಲಿ ಪ್ಲಗ್ ಇರಲಿಲ್ಲ, ಚಾರ್ಜರ್ ಇರಲಿಲ್ಲ. ಹಾಗಾದರೆ ಅದಕ್ಕೆ ಕರೆಂಟು ಎಲ್ಲಿಂದ ಬರುತ್ತಿತ್ತು? ಅದೇ ಅನುಕೂಲ ಈಗ ಯಾಕಿಲ್ಲ? ಉತ್ತರ ಇರುವುದು ಎಕ್ಸ್‌ಚೇಂಜಿನ ಹಿಂದಿನ ಒಂದು ಕೋಣೆಯಲ್ಲಿ. ಅಲ್ಲಿ ಸಾಲಾಗಿ ಕೂತಿದ್ದ 24 ಬ್ಯಾಟರಿ ಸೆಲ್‌ಗಳ ಕಥೆ ಇದು.

ಎರಡು ಥರದ ಕರೆಂಟು

ಮೊದಲು ನಮ್ಮ ಹೊಳೆಗಳಿಂದಲೇ ಶುರು ಮಾಡೋಣ. ನಂಜನಗೂಡನ್ನು ದಾಟಿ ಬರುವ ಕಪಿಲೆ ತಿ. ನರಸೀಪುರದಲ್ಲಿ ಕಾವೇರಿಗೆ ಸೇರುತ್ತಾಳೆ. ಆ ನೀರು ತಲಕಾಡು ದಾಟಿ ಶಿವನಸಮುದ್ರಕ್ಕೆ ಹೋಗುತ್ತದೆ. ಅಲ್ಲಿ 1902ರಲ್ಲಿ ಜಲವಿದ್ಯುತ್ ಶುರುವಾಯಿತು. ಆ ಕರೆಂಟು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ನಮ್ಮ ಎರಡೂ ತಾಲ್ಲೂಕಿನ ನೀರು ಹೀಗೆ ಮೊದಲು ಗಣಿಗೆ, ಆಮೇಲೆ ಪೇಟೆಗಳಿಗೆ ಬೆಳಕು ಕೊಟ್ಟಿತು.

ಶಿವನಸಮುದ್ರದಿಂದ ಹೊರಟದ್ದು ಏಸಿ ಕರೆಂಟು. ಅದು ಹಿಂದೆ ಮುಂದೆ ಹರಿಯುವ ಕರೆಂಟು. ಈಗ ನಮ್ಮ ಮನೆಗೆ ಬರುವುದು ಸೆಕೆಂಡಿಗೆ 50 ಸುತ್ತು ಹಾಗೆ ಓಲಾಡುತ್ತದೆ. ದೂರ ಸಾಗಿಸಲು ಏಸಿ ಅನುಕೂಲ, ಯಾಕೆಂದರೆ ಟ್ರಾನ್ಸ್‌ಫಾರ್ಮರ್ ಇಟ್ಟು ವೋಲ್ಟೇಜ್ ಏರಿಸಬಹುದು, ಇಳಿಸಬಹುದು. ಆದರೆ ಏಸಿಯನ್ನು ಕೂಡಿಡಲು ಆಗುವುದಿಲ್ಲ. ಬ್ಯಾಟರಿಯೊಳಗೆ ಕೂರುವುದು ಡಿಸಿ ಮಾತ್ರ. ಟಾರ್ಚಿನ ಸೆಲ್ಲು, ಟ್ರ್ಯಾಕ್ಟರಿನ ಬ್ಯಾಟರಿ ಕೊಡುವ ಹಾಗೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು ಅದು.

ಫೋನಿಗೆ ಬೇಕಾಗಿದ್ದೂ ಈ ಡಿಸಿಯೇ. ಹಳೆಯ ಫೋನಿನ ಮೌತ್‌ಪೀಸಿನೊಳಗೆ ಇಂಗಾಲದ ಹರಳುಗಳು ತುಂಬಿದ ಸಣ್ಣ ಡಬ್ಬಿ ಇರುತ್ತಿತ್ತು. ಮಾತಾಡಿದಾಗ ಹರಳುಗಳು ಒತ್ತಿಕೊಂಡು ಸಡಿಲಾಗಿ, ಅದರ ಮೂಲಕ ಹರಿಯುವ ಕರೆಂಟು ಮಾತಿನ ಏರಿಳಿತದಂತೆಯೇ ಏರಿ ಇಳಿಯುತ್ತಿತ್ತು. ಸಮನಾಗಿ ಹರಿಯುವ ಡಿಸಿ ಇದ್ದರೆ ಮಾತು ಸ್ವಚ್ಛ. ಏಸಿ ಕೊಟ್ಟರೆ ಕಿವಿಗೆ ಬರೀ ಗುಂಯ್ ಸದ್ದು.

ಮನೆಮನೆಗೆ ಸೆಲ್ಲು

ಕೋಲ್ಕತ್ತ, ಮುಂಬೈ, ಮದ್ರಾಸಿನಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್‌ಗಳು ತೆರೆದದ್ದು 1882ರಲ್ಲಿ. ಆಗಿನ ಫೋನುಗಳು, ಮುಂದೆ ದಶಕಗಳ ಕಾಲ ಸಣ್ಣ ಊರುಗಳಲ್ಲಿದ್ದ ಫೋನುಗಳು, ಹಿಡಿ ತಿರುಗಿಸುವ ಮ್ಯಾಗ್ನೆಟೊ ಫೋನುಗಳು. ಹಿಡಿ ತಿರುಗಿಸಿದರೆ ಎಕ್ಸ್‌ಚೇಂಜಿನಲ್ಲಿ ಗಂಟೆ. ಆಪರೇಟರ್ ಕೇಳಿ, ನಿಮ್ಮ ತಂತಿಯನ್ನು ಇನ್ನೊಬ್ಬರ ತಂತಿಗೆ ಜೋಡಿಸಬೇಕು. ಮಾತು ಹರಿಯಲು ಬೇಕಾದ ಡಿಸಿಗೆ ಫೋನ್ ಇದ್ದವರ ಮನೆಯಲ್ಲೇ ಸೆಲ್ ಇಡಬೇಕಿತ್ತು. ಸೆಲ್ ಇಳಿದರೆ ನಿಮ್ಮ ದನಿ ಅತ್ತ ಕಡೆ ಕ್ಷೀಣ. ಬಂದು ಬದಲಿಸುವವರೆಗೆ ಕಾಯಬೇಕು.

ಇದಕ್ಕೆ ಪರಿಹಾರವಾಗಿ 1890ರ ದಶಕದಲ್ಲೇ ಅಮೆರಿಕದಲ್ಲಿ ಒಂದು ಯೋಚನೆ ಬಂತು. ಮನೆಮನೆಗೆ ಸೆಲ್ ಯಾಕೆ? ಎಕ್ಸ್‌ಚೇಂಜಿನಲ್ಲೇ ದೊಡ್ಡ ಬ್ಯಾಟರಿ ಇಟ್ಟು, ಮಾತು ಹೋಗುವ ಎರಡೇ ತಂತಿಯಲ್ಲಿ ಕರೆಂಟನ್ನೂ ಕಳಿಸಿದರೆ ಆಯಿತು. ಇದೇ ಸೆಂಟ್ರಲ್ ಬ್ಯಾಟರಿ ಪದ್ಧತಿ. ಬ್ಯಾಟರಿ ನೋಡಿಕೊಳ್ಳುವ ಹೊಣೆ ಗ್ರಾಹಕನ ಹೆಗಲಿನಿಂದ ಫೋನ್ ಇಲಾಖೆಯ ಹೆಗಲಿಗೆ ಹೋಯಿತು. ಈ ಒಂದು ವಾಕ್ಯವನ್ನು ನೆನಪಿಟ್ಟುಕೊಳ್ಳಿ. ಕೊನೆಗೆ ಇಲ್ಲಿಗೇ ಬರುತ್ತೇವೆ.

48 ಯಾಕೆ, ಅದೂ ಮೈನಸ್ ಯಾಕೆ?

ಸೀಸ-ಆಮ್ಲದ ಒಂದು ಸೆಲ್ ಕೊಡುವುದು ಸುಮಾರು 2 ವೋಲ್ಟ್. 24 ಸೆಲ್ ಸಾಲಾಗಿ ಜೋಡಿಸಿದರೆ 48. ಇದಕ್ಕಿಂತ ಕಡಿಮೆಯಾದರೆ ದೂರದ ಮನೆಗೆ ಕರೆಂಟು ತಲುಪುವುದು ಕಷ್ಟ. ತುಂಬಾ ಹೆಚ್ಚಾದರೆ ಬರಿಗೈಯಲ್ಲಿ ತಂತಿ ಹಿಡಿಯುವ ಲೈನ್‌ಮನ್‌ಗೆ ಅಪಾಯ. ಎರಡರ ನಡುವೆ ಸಿಕ್ಕಿದ ಹದ 48. ಆದರೂ ತಂತಿ ಹಿಡಿದಿರುವಾಗಲೇ ಆ ನಂಬರಿಗೆ ಯಾರಾದರೂ ಫೋನ್ ಮಾಡಿದರೆ ಜುಂ ಎನ್ನುತ್ತಿತ್ತು, ಯಾಕೆಂದರೆ ಗಂಟೆ ಬಾರಿಸಲು ಬರುವುದು ಸುಮಾರು 75 ವೋಲ್ಟಿನ ಏಸಿ.

ಇನ್ನು ಮೈನಸ್. ಎಕ್ಸ್‌ಚೇಂಜಿನಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಭೂಮಿಗೆ ಕಟ್ಟುತ್ತಾರೆ, ನೆಗೆಟಿವ್ ತುದಿಯನ್ನು ಲೈನಿಗೆ ಕೊಡುತ್ತಾರೆ. ನಮ್ಮ ನಾಲೆ ಬಯಲಿನವರಿಗೆ ಇದರ ಕಾರಣ ಬೇಗ ಅರ್ಥವಾಗುತ್ತದೆ. ಗದ್ದೆಯ ಪಕ್ಕದ ತೇವದ ನೆಲದಲ್ಲಿ ಕೇಬಲ್ ಹೂತಿದ್ದರೆ, ಪಾಸಿಟಿವ್ ಇರುವ ಲೋಹ ಸ್ವಲ್ಪ ಸ್ವಲ್ಪವಾಗಿ ಕರಗಿ ಮಣ್ಣಿಗೆ ಹೋಗುತ್ತದೆ. ನೆಗೆಟಿವ್ ಇರುವುದು ಉಳಿಯುತ್ತದೆ. ತಾಮ್ರದ ತಂತಿ ವರ್ಷಗಟ್ಟಲೆ ಬಾಳಲಿ ಎಂದು ಮಾಡಿದ ಉಪಾಯ ಇದು. ಇವತ್ತಿನ ಮೊಬೈಲ್ ಟವರಿನ ಉಪಕರಣವೂ ಹೆಚ್ಚಿನ ಕಡೆ ಇದೇ ಮೈನಸ್ 48ರಲ್ಲೇ ನಡೆಯುತ್ತದೆ.

ಆ ಕೋಣೆಯಲ್ಲಿ ಏನಿತ್ತು

ಕಂಬದಿಂದ ಬಂದ ಏಸಿ ಮೊದಲು ರೆಕ್ಟಿಫೈಯರಿಗೆ ಹೋಗುತ್ತದೆ. ಅದು ಡಿಸಿ ಮಾಡಿ ಕೊಡುತ್ತದೆ. ಆ ಡಿಸಿ ಒಂದೇ ಕಾಲಕ್ಕೆ ಎಕ್ಸ್‌ಚೇಂಜನ್ನೂ ನಡೆಸುತ್ತದೆ, ಬ್ಯಾಟರಿಯನ್ನೂ ತುಂಬಿಸಿ ಇಡುತ್ತದೆ. ಇದಕ್ಕೆ ಫ್ಲೋಟ್ ಎನ್ನುತ್ತಾರೆ. ಆಗ ವೋಲ್ಟೇಜ್ 54ರ ಆಸುಪಾಸು. ಕರೆಂಟು ಹೋದ ಕ್ಷಣ ಯಾರೂ ಸ್ವಿಚ್ ಬದಲಿಸುವ ಅಗತ್ಯವಿಲ್ಲ. ಬ್ಯಾಟರಿ ಮೊದಲೇ ಲೈನಿನಲ್ಲಿ ಇರುವುದರಿಂದ ಭಾರವನ್ನು ತಾನೇ ಹೊರುತ್ತದೆ. ಮಾತಾಡುತ್ತಿದ್ದವರಿಗೆ ಗೊತ್ತೇ ಆಗುವುದಿಲ್ಲ. ಫೋನು ಸಾಯದಿದ್ದುದರ ಗುಟ್ಟು ಇಷ್ಟೇ.

ಅಲ್ಲಿಂದ ಡಿಸಿ ದಪ್ಪ ತಾಮ್ರದ ಪಟ್ಟಿಗಳ ಮೂಲಕ ಹಂಚಿಕೆ ಬೋರ್ಡಿಗೆ ಬರುತ್ತದೆ. ಪಟ್ಟಿ ದಪ್ಪ ಯಾಕೆಂದರೆ ವೋಲ್ಟೇಜ್ ಕಡಿಮೆ ಇದ್ದಷ್ಟೂ ಆಂಪಿಯರ್ ಹೆಚ್ಚು ಬೇಕು. 4800 ವ್ಯಾಟಿನ ಹೊರೆಗೆ ಮನೆಯ 230 ವೋಲ್ಟಿನಲ್ಲಿ ಸುಮಾರು 21 ಆಂಪಿಯರ್ ಸಾಕು. 48 ವೋಲ್ಟಿನಲ್ಲಿ 100 ಆಂಪಿಯರ್ ಬೇಕು. ಹಂಚಿಕೆ ಬೋರ್ಡಿನಲ್ಲಿ ಪ್ರತಿ ಸಾಲಿನ ಉಪಕರಣಕ್ಕೂ ಬೇರೆ ಬೇರೆ ಫ್ಯೂಸ್. ಒಂದು ಕಡೆ ಶಾರ್ಟ್ ಆದರೆ ಅಲ್ಲಿನ ಫ್ಯೂಸ್ ಮಾತ್ರ ಹೋಗಬೇಕು, ಊರಿಗೆ ಊರೇ ಮೂಕವಾಗಬಾರದು. ಹಳೆಯ ಫ್ಯೂಸ್‌ಗಳಲ್ಲಿ ಸಣ್ಣ ಸ್ಪ್ರಿಂಗ್ ಇರುತ್ತಿತ್ತು. ತಂತಿ ಸುಟ್ಟರೆ ಸ್ಪ್ರಿಂಗ್ ಚಿಮ್ಮಿ ಅಲಾರಾಂ ಹೊಡೆಯುತ್ತಿತ್ತು.

ಬ್ಯಾಟರಿ ಕೋಣೆಯ ಕೆಲಸ ಬೇರೆ. ಆಮ್ಲದ ವಾಸನೆ, ತೆರೆದ ಕಿಟಕಿ. ಸೆಲ್‌ಗಳಿಗೆ ಡಿಸ್ಟಿಲ್ಡ್ ನೀರು ಹಾಕಬೇಕು, ಆಮ್ಲದ ಸಾಂದ್ರತೆ ಅಳೆಯಬೇಕು, ರಿಜಿಸ್ಟರಿನಲ್ಲಿ ಬರೆಯಬೇಕು. ಕತ್ತಲಲ್ಲೂ ನಿಮ್ಮ ಫೋನ್ ಬಾರಿಸುತ್ತಿದ್ದುದಕ್ಕೆ ಯಂತ್ರದಷ್ಟೇ ಈ ರಿಜಿಸ್ಟರೂ ಕಾರಣ.

ಹೋಬಳಿಗೆ ಎಕ್ಸ್‌ಚೇಂಜ್ ಬಂದದ್ದು ಯಾಕೆ

ಎಕ್ಸ್‌ಚೇಂಜಿನ ಬ್ಯಾಟರಿಗೆ ಒಂದು ಮಿತಿ ಇತ್ತು. ಸಣ್ಣ ತಾಮ್ರದ ತಂತಿಯಲ್ಲಿ ಐದಾರು ಕಿಲೋಮೀಟರ್ ಹೋಗುವಷ್ಟರಲ್ಲಿ ಕರೆಂಟು ಬಡವಾಗುತ್ತದೆ. ನಂಜನಗೂಡು ಪೇಟೆಯ ಬ್ಯಾಟರಿಯಿಂದ ಹುಲ್ಲಹಳ್ಳಿ, ತಗಡೂರು, ಕವಲಂದೆಯ ಮನೆಗಳಿಗೆ ಹೀಗೆ ಫೋನ್ ಕೊಡಲು ಆಗದು. ನರಸೀಪುರದಿಂದ ಬನ್ನೂರು, ಮೂಗೂರು, ತಲಕಾಡಿಗೂ ಅಷ್ಟೇ. ಅಂದರೆ ಹಳ್ಳಿಗೆ ಫೋನ್ ಬರಬೇಕಾದರೆ ಹಳ್ಳಿಯ ಹತ್ತಿರವೇ ಒಂದು ಸಣ್ಣ ಎಕ್ಸ್‌ಚೇಂಜ್, ಅದಕ್ಕೊಂದು ಬ್ಯಾಟರಿ ಕೋಣೆ ಬರಬೇಕು.

1948ರಲ್ಲಿ ಬೆಂಗಳೂರಿನಲ್ಲಿ ಐಟಿಐ ಕಾರ್ಖಾನೆ ಶುರುವಾಗಿ ದೇಶಕ್ಕೆಲ್ಲ ಫೋನು, ಎಕ್ಸ್‌ಚೇಂಜ್ ಮಾಡಿಕೊಟ್ಟಿತು. ಆದರೆ ಆಗಿನ ಎಕ್ಸ್‌ಚೇಂಜ್‌ಗಳು ಪೇಟೆಗೆ ಹೇಳಿ ಮಾಡಿಸಿದವು. ಹೊರದೇಶದಿಂದ ಬಂದ ಎಲೆಕ್ಟ್ರಾನಿಕ್ ಯಂತ್ರಗಳಿಗೆ ಏರ್ ಕಂಡೀಷನ್ ಬೇಕಿತ್ತು. ಏಸಿ ಯಂತ್ರವನ್ನು ಬ್ಯಾಟರಿಯ ಮೇಲೆ ನಡೆಸುವುದು ನಮ್ಮ ಹಳ್ಳಿಯಲ್ಲಿ ಆಗುವ ಮಾತಲ್ಲ.

1984ರಲ್ಲಿ ಕೇಂದ್ರ ಸರ್ಕಾರ ಸಿ-ಡಾಟ್ ಸಂಸ್ಥೆ ಕಟ್ಟಿತು. ಅದರ ಹಿಂದೆ ಇದ್ದವರು ಸ್ಯಾಮ್ ಪಿತ್ರೋಡಾ. ಅಲ್ಲಿನ ಎಂಜಿನಿಯರುಗಳು 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜ್ ಮಾಡಿದರು. ಬೀರುವಿನಂಥ ಪೆಟ್ಟಿಗೆ. ಏರ್ ಕಂಡೀಷನ್ ಬೇಡ, ಬಿಸಿಲು ಧೂಳು ತಡೆಯುತ್ತದೆ, ಕರೆಂಟು ಕಡಿಮೆ ಕುಡಿಯುತ್ತದೆ. ಅದರ ಮೊದಲನೆಯದು 1986ರಲ್ಲಿ ಕೆಲಸ ಶುರು ಮಾಡಿದ್ದು ನಮ್ಮ ರಾಜ್ಯದ ಕಿತ್ತೂರಿನಲ್ಲಿ, ರಾಣಿ ಚೆನ್ನಮ್ಮನ ಊರಿನಲ್ಲಿ. ಆಮೇಲೆ ಈ ಪೆಟ್ಟಿಗೆಗಳು ದೇಶದ ಹಳ್ಳಿಗಳಿಗೆ ಸಾವಿರಗಟ್ಟಲೆ ಹೋದವು. ಎಸ್‌ಟಿಡಿ ಬೂತ್‌ಗಳ ಹಳದಿ ಬೋರ್ಡು ಹಳ್ಳಿ ಬಸ್ ಸ್ಟ್ಯಾಂಡಿಗೂ ಬಂತು. 08221 ಎಂದರೆ ನಂಜನಗೂಡು, 08227 ಎಂದರೆ ನರಸೀಪುರ ಎಂದು ಮಕ್ಕಳಿಗೂ ಬಾಯಿಪಾಠವಾಗಿತ್ತು.

ಹಾಗೆಂದು ಎಲ್ಲ ಸುಸೂತ್ರವಾಗಿತ್ತು ಎಂದಲ್ಲ. ಸೀಸದ ಬ್ಯಾಟರಿಗೆ ಪೂರ್ತಿ ಹೊಟ್ಟೆ ತುಂಬಬೇಕು. ದಿನಕ್ಕೆ ನಾಲ್ಕಾರು ಗಂಟೆ ಮಾತ್ರ ಕರೆಂಟು ಕೊಟ್ಟರೆ ಅರ್ಧ ತುಂಬಿ, ಮತ್ತೆ ಬರಿದಾಗಿ, ಒಳಗೆ ಸೀಸದ ಫಲಕಗಳ ಮೇಲೆ ಬಿಳಿ ಪದರ ಗಟ್ಟಿಯಾಗುತ್ತದೆ. ಆಮೇಲೆ ಅದು ಹೆಸರಿಗೆ ಮಾತ್ರ ಬ್ಯಾಟರಿ. ಪಂಚಾಯಿತಿಗಳಿಗೆ ಸೌರ ಫಲಕದ ಜೊತೆ ಕೊಟ್ಟಿದ್ದ ರೇಡಿಯೊ ಫೋನುಗಳೂ ದೇಶದ ಬಹಳ ಕಡೆ ಕೆಟ್ಟು ನಿಂತು, ಕಡೆಗೆ ಸರ್ಕಾರವೇ ಅವನ್ನು ಬದಲಿಸಬೇಕಾಯಿತು.

ಟವರಿನ ಬುಡದಲ್ಲಿ ಅದೇ 48

ಮೊಬೈಲ್ ಬಂದಾಗ ತಂತಿ ಹೋಯಿತು, 48 ವೋಲ್ಟ್ ಹೋಗಲಿಲ್ಲ. ಟವರಿನ ಬುಡದ ಪೆಟ್ಟಿಗೆಯೊಳಗೆ ಅದೇ ರೆಕ್ಟಿಫೈಯರ್, ಅದೇ ಬ್ಯಾಟರಿ, ಅದೇ ಹಂಚಿಕೆ ಬೋರ್ಡು. ಬದಲಾದದ್ದು ಹೊರೆ ಮತ್ತು ಕಾವಲು.

ಒಂದು ಲೆಕ್ಕ ಹಾಕೋಣ. ಟವರಿನ ಉಪಕರಣ 2000 ವ್ಯಾಟ್ ತಿನ್ನುತ್ತದೆ ಎನ್ನಿ. 48 ವೋಲ್ಟಿನಲ್ಲಿ ಅದು ಸುಮಾರು 42 ಆಂಪಿಯರ್. ಬ್ಯಾಟರಿ 600 ಆಂಪಿಯರ್-ಗಂಟೆಯದಾದರೆ ಕಾಗದದ ಮೇಲೆ 14 ಗಂಟೆ. ಆದರೆ ಸೀಸದ ಬ್ಯಾಟರಿಯನ್ನು ತಳದವರೆಗೆ ಬಸಿಯುವಂತಿಲ್ಲ. ಬಿಸಿಲಿಗೆ ಬೆಂದು ಹಳತಾಗಿದ್ದರೆ ಅದರ ಅರ್ಧವೂ ಸಿಗದು. 4ಜಿ, 5ಜಿ ಎಂದು ಹೊಸ ಉಪಕರಣ ಏರಿಸಿ ಬ್ಯಾಟರಿ ಹಳೆಯದೇ ಬಿಟ್ಟರೆ ಇನ್ನೂ ಕಡಿಮೆ. ವೋಲ್ಟೇಜ್ 44ರ ಆಸುಪಾಸಿಗೆ ಇಳಿದಾಗ, ಬ್ಯಾಟರಿ ಹಾಳಾಗದಿರಲಿ ಎಂದು ಒಂದು ಸ್ವಿಚ್ ತಾನಾಗಿ ಹೊರೆಯನ್ನು ಕಡಿಯುತ್ತದೆ. ನಿಮ್ಮ ಸಿಗ್ನಲ್ ಹೋಗುವ ಕ್ಷಣ ಅದು. ಎಷ್ಟೋ ಸಲ ಆ ಟವರ್ ಪಕ್ಕದ ಊರಿನ ಟವರಿಗೂ ದಾರಿಯಾಗಿರುತ್ತದೆ. ಒಂದು ಬಿದ್ದರೆ ಅದರ ಹಿಂದಿನವೂ ಬೀಳುತ್ತವೆ.

ಆಮೇಲೆ ಉಳಿಯುವುದು ಡೀಸೆಲ್ ಜನರೇಟರ್. ಡೀಸೆಲ್ ತರಲು ರಸ್ತೆ ಬೇಕು. 2018 ಮತ್ತು 2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ, ಮಲ್ಲನಮೂಲೆ ಹತ್ತಿರ ಮೈಸೂರು-ನಂಜನಗೂಡು ರಸ್ತೆ ಮುಚ್ಚಿದ್ದು ಎಲ್ಲರಿಗೂ ನೆನಪಿದೆ. ಫೋನ್ ಅತಿ ಹೆಚ್ಚು ಬೇಕಾಗುವ ದಿನವೇ ಡೀಸೆಲ್ ಬರದ ದಿನ. 2012ರಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ಒಂದು ನಿರ್ದೇಶನ ಕೊಟ್ಟಿತ್ತು: ಗ್ರಾಮೀಣ ಟವರುಗಳಲ್ಲಿ ಕನಿಷ್ಠ ಅರ್ಧದಷ್ಟು 2015ರೊಳಗೆ, ಮುಕ್ಕಾಲು ಪಾಲು 2020ರೊಳಗೆ ಗ್ರಿಡ್ ಜೊತೆಗೆ ಸೌರದಂಥ ನವೀಕರಿಸಬಹುದಾದ ವಿದ್ಯುತ್ತಿನಲ್ಲೂ ನಡೆಯಬೇಕು. ನಿಮ್ಮೂರ ಟವರಿನ ಬೇಲಿ ಪಕ್ಕ ನಿಂತು ನೋಡಿ, ಸೌರ ಫಲಕ ಕಾಣುತ್ತದೆಯೇ?

ಕಾವಲಿನ ಮಾತೂ ಇದೆ. ಹೆಚ್ಚಿನ ಟವರುಗಳ ಬುಡದಲ್ಲಿ ಈಗ ಮನುಷ್ಯರಿಲ್ಲ. ಬ್ಯಾಟರಿ, ತಾಮ್ರ ಕಳುವಾದ ಸುದ್ದಿ ನಾವೇ ಬರೆಯುತ್ತಿರುತ್ತೇವೆ. ಬಿಎಸ್‌ಎನ್‌ಎಲ್‌ನಲ್ಲಿ 2020ರ ಜನವರಿ ಕೊನೆಗೆ 78,000ಕ್ಕೂ ಹೆಚ್ಚು ನೌಕರರು ಸ್ವಯಂ ನಿವೃತ್ತಿಯಲ್ಲಿ ಹೊರಬಂದರು. ಬ್ಯಾಟರಿ ಕೋಣೆಯ ರಿಜಿಸ್ಟರ್ ಬರೆದ ಎಷ್ಟೋ ಕೈಗಳು ಅವರಲ್ಲಿದ್ದವು.

ಬ್ಯಾಟರಿ ಮತ್ತೆ ಮನೆಗೆ

ಈಗ ತಾಮ್ರದ ಜಾಗಕ್ಕೆ ಫೈಬರ್ ಬರುತ್ತಿದೆ. ಫೈಬರಿನೊಳಗೆ ಹೋಗುವುದು ಬೆಳಕು. ಅದು ವೇಗದ್ದು, ದೂರ ಹೋಗುತ್ತದೆ, ತೇವಕ್ಕೆ ಕರಗುವುದಿಲ್ಲ. ಆದರೆ ಅದು ನಿಮ್ಮ ಮನೆಯ ಫೋನನ್ನು ನಡೆಸುವ ಕರೆಂಟು ತರಲಾರದು. ಮನೆಯ ಪೆಟ್ಟಿಗೆಗೆ ನಿಮ್ಮದೇ ಪ್ಲಗ್ ಬೇಕು. ಮ್ಯಾಗ್ನೆಟೊ ಫೋನಿನ ಕಾಲದಲ್ಲಿ ಸೆಲ್ ಮನೆಯಲ್ಲಿತ್ತು, ಆಮೇಲೆ ಎಕ್ಸ್‌ಚೇಂಜಿಗೆ ಹೋಯಿತು, ಈಗ ಮತ್ತೆ ಮನೆಗೆ ಬಂದಿದೆ. ಹೊಣೆಯೂ ಅದರ ಜೊತೆಗೇ ಬಂದಿದೆ. ಯಾರೂ ನಮಗೆ ಹೇಳಿ ಒಪ್ಪಿಸಲಿಲ್ಲ, ಅಷ್ಟೇ.

ಮನೆಯ ಮಟ್ಟಿಗೆ ಉಪಾಯ ಸುಲಭ. ಬಹುತೇಕ ವೈಫೈ ಪೆಟ್ಟಿಗೆಗಳು ಕೇಳುವುದು 12 ವೋಲ್ಟ್ ಡಿಸಿ. ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ನೋಡಿ, ಅಷ್ಟನ್ನೇ ಕೊಡುವ ಸಣ್ಣ ಡಿಸಿ ಯುಪಿಎಸ್ ಇಟ್ಟರೆ ಕೆಲವು ಗಂಟೆ ದಾಟಬಹುದು. ದೊಡ್ಡ ಇನ್ವರ್ಟರ್ ಬೇಕಿಲ್ಲ.

ಊರಿನ ಮಟ್ಟಿಗೆ ಮಾತ್ರ ಕೇಳಲೇಬೇಕು. ಭಾರತ್‌ನೆಟ್ ಯೋಜನೆಯಲ್ಲಿ ಪಂಚಾಯಿತಿ ಕಚೇರಿಗಳಿಗೆ ಫೈಬರ್ ಪೆಟ್ಟಿಗೆಯ ಜೊತೆ ಸೌರ ಫಲಕ, ಬ್ಯಾಟರಿಯನ್ನೂ ಕೊಡಲಾಗಿತ್ತು. ಮುಂದಿನ ಗ್ರಾಮಸಭೆಯಲ್ಲಿ ಕೇಳಿ: ನಮ್ಮ ಪಂಚಾಯಿತಿಗೆ ಅವು ಬಂದಿವೆಯೇ, ಬಂದಿದ್ದರೆ ಆ ಬ್ಯಾಟರಿ ಬದುಕಿದೆಯೇ? ಟವರ್ ಸತ್ತಾಗಲೆಲ್ಲ ದಿನಾಂಕ, ಕರೆಂಟು ಹೋದ ಹೊತ್ತು, ಸಿಗ್ನಲ್ ಹೋದ ಹೊತ್ತು ಬರೆದಿಡಿ. ಎರಡರ ನಡುವಿನ ಗಂಟೆ ಎಷ್ಟೋ, ನಿಮ್ಮೂರ ಟವರಿನ ಬ್ಯಾಟರಿಯ ಆಯಸ್ಸು ಅಷ್ಟು. ಹತ್ತು ಸಲದ ಲೆಕ್ಕ ಕೈಯಲ್ಲಿದ್ದರೆ ಕಂಪನಿಗೂ ಜಿಲ್ಲಾಡಳಿತಕ್ಕೂ ಕೊಡುವ ಅರ್ಜಿಗೆ ಬಲ ಬರುತ್ತದೆ. ನಮಗೂ ಒಂದು ಪ್ರತಿ ಕಳಿಸಿ. ಎರಡೂ ತಾಲ್ಲೂಕಿನ ಲೆಕ್ಕ ಒಟ್ಟು ಮಾಡಿ ಇಲ್ಲೇ ಹಾಕುತ್ತೇವೆ.