ಕಡಿಮೆ ಎತ್ತರದ ಸವಾರರಿಗಾಗಿ ಡರ್ಟ್ ಬೈಕ್ ಮಾರ್ಪಾಡು

ಕಚ್ಚಾ ದಾರಿ, ಗುಡ್ಡ ಹಾಗೂ ಕಾಡಿನ ಜಾಡುಗಳಲ್ಲಿ ಓಡಿಸಲೆಂದೇ ತಯಾರಾದ ಹಗುರ ಮೋಟಾರ್‌ಸೈಕಲ್ಲನ್ನು ಕಡಿಮೆ ಎತ್ತರದ, ಸಾಮಾನ್ಯವಾಗಿ ಕಡಿಮೆ ತೂಕದ ಸವಾರರ ದೇಹಕ್ಕೆ ಹೊಂದುವಂತೆ ಬದಲಾಯಿಸುವ ಕೆಲಸಗಳಿಗೆ ಒಟ್ಟಾಗಿ ಈ ಹೆಸರಿದೆ. ಆಸನದ ಎತ್ತರವನ್ನು ಇಳಿಸುವುದು, ಸ್ಪ್ರಿಂಗುಗಳನ್ನು ಸವಾರರ ತೂಕಕ್ಕೆ ಹೊಂದಿಸುವುದು, ಕ್ಲಚ್ ಹಾಗೂ ಬ್ರೇಕ್ ಲಿವರುಗಳನ್ನು ಬೆರಳಿಗೆ ಎಟುಕುವಂತೆ ಮಾಡುವುದು ಮತ್ತು ಗೇರ್ ಅನುಪಾತವನ್ನು ಬದಲಿಸುವುದು ಇದರಲ್ಲಿ ಸೇರುತ್ತವೆ. ಬೈಕನ್ನು ತಗ್ಗಿಸುವುದೊಂದೇ ಈ ಕೆಲಸ ಎಂಬ ತಿಳುವಳಿಕೆ ವ್ಯಾಪಕವಾಗಿದ್ದರೂ ಅದು ಪೂರ್ಣ ಸತ್ಯವಲ್ಲ. ತಗ್ಗಿಸಿದ ಪ್ರತಿಯೊಂದು ಮಿಲಿಮೀಟರಿಗೂ ಬೇರೆ ಯಾವುದಾದರೂ ಒಂದು ಗುಣವನ್ನು ಬಿಟ್ಟುಕೊಡಬೇಕಾಗುತ್ತದೆ.

ಹಿನ್ನೆಲೆ

ಸ್ಪರ್ಧೆಗೆಂದು ತಯಾರಾಗುವ ಪೂರ್ಣ ಗಾತ್ರದ ಮೋಟೋಕ್ರಾಸ್ ಹಾಗೂ ಎಂಡ್ಯೂರೋ ಬೈಕುಗಳ ಆಸನವು ನೆಲದಿಂದ ಸುಮಾರು 950 ಮಿ.ಮೀ. ಎತ್ತರದಲ್ಲಿರುತ್ತದೆ. ಐದು ಅಡಿ ಎತ್ತರದ ವ್ಯಕ್ತಿಗೆ ಇದು ಹೆಚ್ಚುಕಡಿಮೆ ಸೊಂಟದ ಮಟ್ಟ. ಆದುದರಿಂದ ಎತ್ತರ ಕಡಿಮೆಯಿರುವ ವಯಸ್ಕರು, ಅದರಲ್ಲೂ ಮಹಿಳೆಯರು, ಹದಿಹರೆಯದವರಿಗಾಗಿ ರೂಪಿಸಿದ 110ರಿಂದ 140 ಸಿಸಿ ಬೈಕುಗಳತ್ತ ತಿರುಗುತ್ತಾರೆ. ಯಮಹಾದ ಟಿಟಿ-ಆರ್125ಎಲ್‌ಇ, ಹೋಂಡಾದ ಸಿಆರ್‌ಎಫ್125ಎಫ್ ಹಾಗೂ ಕವಾಸಾಕಿಯ ಕೆಎಲ್ಎಕ್ಸ್140 ಈ ವರ್ಗದ ಪ್ರಸಿದ್ಧ ಮಾದರಿಗಳು. ಇವು ಅಮೆರಿಕದಲ್ಲಿ ಮನೆಮಂದಿಯೆಲ್ಲ ಸೇರಿ ಜಾಡು ಸವಾರಿಗೆ ಹೋಗುವ ಪದ್ಧತಿಯ ಜೊತೆಗೇ ಬೆಳೆದ ಬೈಕುಗಳು. ಎಂಜಿನ್ನು ಸರಳ, ಶಕ್ತಿ ಸೌಮ್ಯ, ತೂಕ ಹಗುರ.

ಹಾಗಿದ್ದರೂ ಈ ಚಿಕ್ಕ ಬೈಕುಗಳೂ ಎಲ್ಲರಿಗೂ ಹೊಂದುವುದಿಲ್ಲ. ಟಿಟಿ-ಆರ್125ಎಲ್‌ಇಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ಆಸನದ ಎತ್ತರ 805 ಮಿ.ಮೀ., ನೆಲದಿಂದ ಎಂಜಿನ್ ತಳಕ್ಕಿರುವ ಅಂತರ 295 ಮಿ.ಮೀ., ಮುಂದಿನ ಸಸ್ಪೆನ್ಷನ್ನಿನ ಚಲನೆ 180 ಮಿ.ಮೀ., ಹಿಂದಿನದು 168 ಮಿ.ಮೀ., ತೂಕ ಸುಮಾರು 90 ಕೆ.ಜಿ. ಮುಂದಿನ ಚಕ್ರ 19 ಅಂಗುಲ, ಹಿಂದಿನದು 16 ಅಂಗುಲ.

ಎತ್ತರದ ಲೆಕ್ಕ

ತಯಾರಕರು ಮುದ್ರಿಸುವ ಆಸನದ ಎತ್ತರವು ಸವಾರ ಕುಳಿತಿರದ ಬೈಕಿನದು. ಸವಾರ ಕುಳಿತೊಡನೆ ಸ್ಪ್ರಿಂಗುಗಳು ಕುಗ್ಗಿ ಬೈಕು ಇಳಿಯುತ್ತದೆ. 152 ಸೆಂ.ಮೀ. ಎತ್ತರದ, ಒಳಗಾಲಿನ ಉದ್ದ 70 ಸೆಂ.ಮೀ. ಇರುವ ಸವಾರರೊಬ್ಬರು ಮೇಲಿನ ಬೈಕನ್ನು ಏರಿದರೆಂದು ಭಾವಿಸೋಣ. ಸಸ್ಪೆನ್ಷನ್ನು ತಕ್ಕಂತೆ ಹೊಂದಿಸಿದ್ದರೆ ಆಸನವು ಸುಮಾರು 55 ಮಿ.ಮೀ. ಇಳಿದು 750 ಮಿ.ಮೀ.ಗೆ ಬರುತ್ತದೆ. ಬೂಟಿನ ಅಟ್ಟೆ ಕಾಲಿಗೆ ಸುಮಾರು 30 ಮಿ.ಮೀ. ಸೇರಿಸುತ್ತದೆ. ಅಂದರೆ 730ಕ್ಕೆ 750. ಕೊರತೆ ಎರಡೇ ಸೆಂಟಿಮೀಟರು. ಆದರೆ ಆಸನದ ಅಗಲಕ್ಕೆ ತೊಡೆಗಳು ಹೊರಕ್ಕೆ ಚಾಚಿಕೊಳ್ಳುವುದರಿಂದ ಕೊರತೆ ಲೆಕ್ಕಕ್ಕಿಂತ ಹೆಚ್ಚೇ ಇರುತ್ತದೆ. ಸಾಧಾರಣ ಪಾದರಕ್ಷೆಯಲ್ಲಿ ತುದಿಗಾಲಿನಿಂದ ಇದನ್ನು ತುಂಬಿಕೊಳ್ಳಬಹುದು. ಕಣಕಾಲು ಬಾಗದಂತೆ ಗಟ್ಟಿಯಾಗಿ ಹೊಲಿದ ಮೋಟೋಕ್ರಾಸ್ ಬೂಟಿನಲ್ಲಿ ಅದು ಕಷ್ಟ.

ಎರಡೂ ಪಾದಗಳು ಪೂರ್ಣವಾಗಿ ನೆಲಕ್ಕೂರಬೇಕೆಂಬುದು ಹೊಸಬರ ಸಹಜ ಆಸೆ. ಅನುಭವಿಗಳು ಅಷ್ಟನ್ನು ಕೇಳುವುದಿಲ್ಲ. ಆಸನದಲ್ಲಿ ಒಂದು ಪಕ್ಕಕ್ಕೆ ಸರಿದು ಒಂದು ಪಾದದ ಮುಂಭಾಗವನ್ನು ಗಟ್ಟಿಯಾಗಿ ಊರಲು ಸಾಧ್ಯವಾದರೆ ಸಾಕೆನ್ನುವುದು ಅವರ ಅಳತೆ. ಸಮತಟ್ಟಾದ ಅಂಗಳದಲ್ಲಿ ಇದು ಸುಲಭ. ಏರುದಾರಿಯ ನಡುವೆ ಎಂಜಿನ್ನು ನಿಂತು, ಇಳಿಜಾರಿನ ಕಡೆಯ ಕಾಲು ಗಾಳಿಯಲ್ಲಿ ನೆಲವನ್ನು ಹುಡುಕುವ ಕ್ಷಣದಲ್ಲಿ 20 ಮಿ.ಮೀ. ಕೊರತೆಯ ನಿಜವಾದ ಬೆಲೆ ತಿಳಿಯುತ್ತದೆ. ಬೈಕು ಆ ಕಡೆಗೇ ಉರುಳುತ್ತದೆ, ಸವಾರರು ಅದರ ಕೆಳಗೆ. ಎರಡು ಮೂರು ಬಾರಿ ಹೀಗಾದ ಮೇಲೆ ಸವಾರಿಯನ್ನೇ ಬಿಟ್ಟವರಿದ್ದಾರೆ. ಮಾರ್ಪಾಡಿನ ಅಗತ್ಯ ಹುಟ್ಟುವುದು ಇಲ್ಲಿ, ಅಂದಚೆಂದದ ಆಸೆಯಿಂದಲ್ಲ.

ಸ್ಪ್ರಿಂಗ್ ಮತ್ತು ಸ್ಯಾಗ್

ಬಿಡಿಭಾಗ ಕೊಳ್ಳುವ ಮೊದಲು ಅಳೆಯಬೇಕಾದದ್ದು ಸ್ಯಾಗ್, ಅಂದರೆ ತೂಕದಿಂದ ಸಸ್ಪೆನ್ಷನ್ನು ಕುಗ್ಗುವ ಪ್ರಮಾಣ. ಇದಕ್ಕೆ ಬೇಕಾದದ್ದು ಅಳತೆಪಟ್ಟಿ ಮತ್ತು ಸಹಾಯಕ್ಕೆ ಒಬ್ಬರು ಮಾತ್ರ. ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ, ಚಕ್ರದ ಅಚ್ಚಿನಿಂದ ನೇರ ಮೇಲೆ ಹಿಂಬದಿಯ ಫೆಂಡರಿನ ಮೇಲೆ ಗುರುತಿಸಿದ ಒಂದು ಬಿಂದುವಿನವರೆಗೆ ಅಳೆಯಬೇಕು. ಬಳಿಕ ಬೈಕು ತನ್ನದೇ ತೂಕದಲ್ಲಿ ನಿಂತಾಗ ಒಮ್ಮೆ, ಸವಾರರು ಬೂಟು, ಶಿರಸ್ತ್ರಾಣ ಸಹಿತ ಕುಳಿತಾಗ ಇನ್ನೊಮ್ಮೆ ಅಳೆಯಬೇಕು. ಸವಾರರು ಕುಳಿತಾಗಿನ ಕುಗ್ಗುವಿಕೆ ಒಟ್ಟು ಚಲನೆಯ ಮೂರನೆಯ ಒಂದು ಭಾಗದಷ್ಟಿರುವುದು ರೂಢಿ. 168 ಮಿ.ಮೀ. ಚಲನೆಗೆ ಇದು ಸುಮಾರು 55 ಮಿ.ಮೀ. ಬೈಕಿನ ಸ್ವಂತ ತೂಕದ ಕುಗ್ಗುವಿಕೆ ಇದಕ್ಕಿಂತ ಬಹಳ ಕಡಿಮೆ, ಒಟ್ಟು ಚಲನೆಯ ಹತ್ತನೆಯ ಒಂದು ಭಾಗದ ಆಸುಪಾಸು.

ಈ ಎರಡು ಅಂಕಿಗಳನ್ನು ಜೊತೆಯಾಗಿ ಓದಬೇಕು. ಹಗುರ ಸವಾರರಿಗೆ ಮೂರನೆಯ ಒಂದು ಭಾಗ ಕುಗ್ಗಿಸಲು ಸ್ಪ್ರಿಂಗಿನ ಬಿಗಿಯನ್ನು ತೀರ ಸಡಿಲಿಸಬೇಕಾಗಿ ಬಂದು, ಬೈಕು ತನ್ನ ತೂಕಕ್ಕೇ ಹೆಚ್ಚು ಕುಗ್ಗುತ್ತಿದ್ದರೆ ಆ ಸ್ಪ್ರಿಂಗು ಅವರ ತೂಕಕ್ಕೆ ಗಡಸು. ಅದಕ್ಕೆ ಪರಿಹಾರ ಮೃದುವಾದ ಸ್ಪ್ರಿಂಗೇ ಹೊರತು ಇನ್ನಷ್ಟು ಸಡಿಲಿಸುವುದಲ್ಲ. ಇದಕ್ಕೆ ವಿರುದ್ಧವಾಗಿ, ಬೈಕು ತನ್ನ ತೂಕಕ್ಕೆ ಸ್ವಲ್ಪವೂ ಕುಗ್ಗದೆ ಸವಾರರು ಕುಳಿತಾಗ ಬಹಳ ಇಳಿದರೆ ಸ್ಪ್ರಿಂಗು ತೀರ ಮೃದು ಎಂದರ್ಥ. ಮಕ್ಕಳಿಗೆಂದು ತಯಾರಾದ ಬೈಕನ್ನು ವಯಸ್ಕರು ಏರಿದಾಗ ಕಾಣುವುದು ಈ ಎರಡನೆಯ ಸ್ಥಿತಿ. ಎತ್ತರ ಕಡಿಮೆ ಎಂದ ಮಾತ್ರಕ್ಕೆ ತೂಕವೂ ಕಡಿಮೆಯೆಂದು ಊಹಿಸುವುದು ಈ ವಿಷಯದಲ್ಲಿ ಆಗಾಗ ಕಾಣುವ ತಪ್ಪು. ತೂಕಕ್ಕೆ ಮೀರಿದ ಗಡಸು ಸ್ಪ್ರಿಂಗುಳ್ಳ ಬೈಕಿಗೆ ಸರಿಯಾದ ಸ್ಪ್ರಿಂಗು ಹಾಕಿದರೆ, ಬೇರೇನೂ ಮಾಡದೆ ಆಸನವು ಗಮನಕ್ಕೆ ಬರುವಷ್ಟು ಇಳಿಯುತ್ತದೆ. ಕಲ್ಲುದಾರಿಯಲ್ಲಿ ಬೈಕು ಪುಟಿಯುವುದೂ ನಿಲ್ಲುತ್ತದೆ.

ಆಸನ

ಆಸನದ ಸ್ಪಂಜನ್ನು ಕೊರೆದು ತಗ್ಗಿಸುವುದು ಅತ್ಯಂತ ಅಗ್ಗದ ವಿಧಾನ. ಹೊದಿಕೆಯ ಪಿನ್ನುಗಳನ್ನು ಕಿತ್ತು, ಹರಿತ ಚಾಕುವಿನಿಂದ 25ರಿಂದ 40 ಮಿ.ಮೀ.ವರೆಗೆ ತೆಗೆದು, ಉಜ್ಜಿ ನುಣುಪುಗೊಳಿಸಿ ಹೊದಿಕೆಯನ್ನು ಮತ್ತೆ ಬಿಗಿಯುತ್ತಾರೆ. ಎತ್ತರ ಇಳಿಸಿದಷ್ಟೇ ಪ್ರಯೋಜನವು ಮುಂಭಾಗದ ಅಂಚುಗಳನ್ನು ಕೆತ್ತಿ ಕಿರಿದಾಗಿಸುವುದರಿಂದಲೂ ಸಿಗುತ್ತದೆ. ಆಗ ತೊಡೆಗಳು ಚಾಚದೆ ಕಾಲು ನೇರವಾಗಿ ಕೆಳಗಿಳಿಯುತ್ತದೆ. ಆದುದರಿಂದ ಮೊದಲು ಅಂಚನ್ನು ಕೆತ್ತಿ, ಕುಳಿತು ನೋಡಿ, ಆಮೇಲೆ ಮೇಲ್ಭಾಗಕ್ಕೆ ಕೈಹಾಕುವುದು ಲೇಸು. ಕತ್ತರಿಸಿದ ಸ್ಪಂಜು ಮರಳಿ ಬರುವುದಿಲ್ಲ. ಹೀಗಾಗಿ ಹಳೆಯ ಆಸನವೊಂದನ್ನು ಹುಡುಕಿ ಅದರ ಮೇಲೆ ಪ್ರಯೋಗ ಮಾಡುವವರುಂಟು.

ನಡುವೆ ಮಾತ್ರ ಕೊರೆದು ಗುಂಡಿ ಮಾಡಿದರೆ ಸವಾರರು ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಏರುವಾಗ ಮುಂದಕ್ಕೆ, ಇಳಿಯುವಾಗ ಹಿಂದಕ್ಕೆ ಸರಿಯುವುದು ಜಾಡು ಸವಾರಿಯ ಮೂಲ ಪಾಠವಾದುದರಿಂದ ಮೇಲ್ಮೈ ಸಪಾಟಾಗಿರಬೇಕು. ಆಸನವು ತಗ್ಗಿದಂತೆ ಅದಕ್ಕೂ ಫುಟ್‌ಪೆಗ್ಗಿಗೂ ನಡುವಿನ ಅಂತರ ಕಡಿಮೆಯಾಗಿ ಮೊಣಕಾಲು ಹೆಚ್ಚು ಮಡಚುತ್ತದೆ, ಪ್ರತಿಬಾರಿ ಎದ್ದು ನಿಲ್ಲಲು ಹೆಚ್ಚು ಶ್ರಮ ಬೇಕಾಗುತ್ತದೆ. ಕಾಲು ಗಿಡ್ಡವಾಗಿರುವವರಿಗೆ ಈ ತೊಂದರೆ ಉದ್ದ ಕಾಲಿನವರಿಗಿಂತ ಕಡಿಮೆ ಎಂಬುದು ಇಲ್ಲಿರುವ ಒಂದು ಸಮಾಧಾನ.

ಸಸ್ಪೆನ್ಷನ್ ತಗ್ಗಿಸುವುದು

ಇದಕ್ಕೆ ಎರಡು ಮಾರ್ಗಗಳಿವೆ. ಹಿಂಬದಿ ಸಸ್ಪೆನ್ಷನ್ನಿಗೆ ಸಂದುಕೊಂಡಿಗಳಿರುವ ಬೈಕುಗಳಲ್ಲಿ ಆ ಕೊಂಡಿಗಳ ಅಳತೆ ಬದಲಿಸಿ ಹಿಂಭಾಗವನ್ನು ಇಳಿಸುವುದು ಮೊದಲನೆಯದು. ಜೊತೆಗೆ ಮುಂದಿನ ಫೋರ್ಕ್ ಕೊಳವೆಗಳನ್ನು ಅವುಗಳ ಹಿಡಿತದೊಳಗೆ ಮೇಲಕ್ಕೆ ಸರಿಸಿ ಮುಂಭಾಗವನ್ನೂ ಇಳಿಸುತ್ತಾರೆ. ಗ್ಯಾರೇಜಿನಲ್ಲಿ ಒಂದು ಮಧ್ಯಾಹ್ನದ ಕೆಲಸ, ಬೇಡವೆಂದಾಗ ಹಿಂದಿನಂತೆ ಮಾಡಲೂ ಬಹುದು. ಆದರೆ ಇಲ್ಲಿ ಸಸ್ಪೆನ್ಷನ್ನಿನ ಚಲನೆ ಕಡಿಮೆಯಾಗಿರುವುದಿಲ್ಲ, ಚಕ್ರ ಮತ್ತು ಚೌಕಟ್ಟಿನ ನಡುವಿನ ಜಾಗ ಮಾತ್ರ ಕಡಿಮೆಯಾಗಿರುತ್ತದೆ. ದೊಡ್ಡ ಹಳ್ಳಕ್ಕೆ ಬಿದ್ದಾಗ ಹಿಂದಿನ ಟೈರು ಫೆಂಡರಿಗೂ, ಮುಂದಿನ ಫೆಂಡರು ಫೋರ್ಕಿನ ಹಿಡಿತಕ್ಕೂ ತಾಗಬಹುದು. ಹೀಗಾಗಿ ಕೊಂಡಿ ಬದಲಿಸಿದ ಮೇಲೆ ಸ್ಪ್ರಿಂಗ್ ತೆಗೆದು, ಚಕ್ರವನ್ನು ತುದಿಯವರೆಗೆ ಎತ್ತಿ ನೋಡದೆ ಜಾಡಿಗೆ ಹೋಗಬಾರದು. ಕೊಂಡಿಯ ಅಳತೆ ಬದಲಾದಾಗ ಸ್ಪ್ರಿಂಗಿನ ಮೇಲಿನ ಸನ್ನೆಯ ಲೆಕ್ಕವೂ ಬದಲಾಗುವುದರಿಂದ ಸ್ಯಾಗನ್ನು ಮತ್ತೊಮ್ಮೆ ಅಳೆಯಬೇಕು.

ಹಿಂದೆ, ಮುಂದೆ ಎರಡೂ ಕಡೆ ಸಮವಾಗಿ ಇಳಿಸದಿದ್ದರೆ ಬೈಕಿನ ನಡವಳಿಕೆಯೇ ಬದಲಾಗುತ್ತದೆ. ಹಿಂಭಾಗ ಮಾತ್ರ ಇಳಿದರೆ ತಿರುವಿನಲ್ಲಿ ಮುಂಚಕ್ರ ಹೊರಕ್ಕೆ ಜಾರುತ್ತದೆ, ಕಡಿದಾದ ಏರಿನಲ್ಲಿ ಅದು ಮೇಲೇಳಲು ಹವಣಿಸುತ್ತದೆ. ಮುಂಭಾಗ ಮಾತ್ರ ಇಳಿದರೆ ಹ್ಯಾಂಡಲ್ ಚುರುಕಾಗಿ, ವೇಗದಲ್ಲಿ ಅಲುಗಾಡುತ್ತದೆ.

ಎರಡನೆಯ ಮಾರ್ಗ ಒಳಗಿನಿಂದ ತಗ್ಗಿಸುವುದು. ಫೋರ್ಕಿನೊಳಗಿನ ಡ್ಯಾಂಪರ್ ದಂಡದ ಮೇಲೆ ಬಳೆಯಂಥ ತುಂಡೊಂದನ್ನು ಸೇರಿಸಿದರೆ ಫೋರ್ಕು ಪೂರ್ಣವಾಗಿ ಚಾಚಿಕೊಳ್ಳುವುದಿಲ್ಲ. ಹಾಗೆ ಕುಗ್ಗಿದಷ್ಟೇ ಉದ್ದವನ್ನು ಸ್ಪ್ರಿಂಗಿನ ಮೇಲಿರುವ ಒತ್ತುಕೊಳವೆಯಿಂದಲೂ ಕತ್ತರಿಸಬೇಕು. ಇಲ್ಲವಾದರೆ ಸ್ಪ್ರಿಂಗು ಮೊದಲಿಗಿಂತ ಬಿಗಿಯಾಗಿ, ತಗ್ಗಿದ ಬೈಕು ಗಡಸಾಗಿ ವರ್ತಿಸುತ್ತದೆ. ಹಿಂದಿನ ಶಾಕ್ ಅಬ್ಸಾರ್ಬರಿಗೂ ಇದೇ ತತ್ತ್ವ. ಶಾಕ್ ಅಬ್ಸಾರ್ಬರು ಒಂದು ಪಾಲು ಚಲಿಸಿದರೆ ಚಕ್ರವು ಸುಮಾರು ಎರಡೂವರೆಯಿಂದ ಮೂರು ಪಾಲು ಚಲಿಸುವುದರಿಂದ, 30 ಮಿ.ಮೀ. ಇಳಿಸಲು 10ರಿಂದ 12 ಮಿ.ಮೀ. ತುಂಡು ಸಾಕಾಗುತ್ತದೆ. ಅಧಿಕ ಒತ್ತಡದ ನೈಟ್ರೋಜನ್ ತುಂಬಿದ ಶಾಕ್ ಅಬ್ಸಾರ್ಬರನ್ನು ಮನೆಯಲ್ಲಿ ಬಿಚ್ಚುವುದು ಅಪಾಯಕರ. ಅದು ಪರಿಣತರ ಕೆಲಸ. ಈ ಮಾರ್ಗದಲ್ಲಿ ಚಲನೆ ಕಡಿಮೆಯಾದರೂ ಟೈರು ತಾಗುವ ಭಯವಿಲ್ಲ. ಖರ್ಚು ಹೆಚ್ಚಾದರೂ ಬಹುಕಾಲ ಅದೇ ಬೈಕನ್ನು ಓಡಿಸುವವರಿಗೆ ಇದೇ ಉತ್ತಮ ಆಯ್ಕೆ.

ಯಾವ ಮಾರ್ಗವಾದರೂ ಬೈಕಿನ ತಳ ನೆಲಕ್ಕೆ ಹತ್ತಿರವಾಗುತ್ತದೆ. 295 ಮಿ.ಮೀ. ಇದ್ದದ್ದು 255ಕ್ಕೆ ಬಂದರೆ, ಹಿಂದೆ ದಾಟಿದ್ದ ಮರದ ದಿಮ್ಮಿಗೆ ಈಗ ಎಂಜಿನ್ ತಾಗುತ್ತದೆ. ತಳಕ್ಕೆ ಅಲ್ಯುಮಿನಿಯಂ ರಕ್ಷಾಫಲಕ ಹಾಕುವುದು ಇದರಿಂದ ಅನಿವಾರ್ಯ. ಪಕ್ಕದ ಸ್ಟ್ಯಾಂಡನ್ನು ಬಹುಮಂದಿ ಮರೆಯುತ್ತಾರೆ. ತಗ್ಗಿದ ಬೈಕಿಗೆ ಹಳೆಯ ಸ್ಟ್ಯಾಂಡು ಉದ್ದವಾಗಿ, ಬೈಕು ನೆಟ್ಟಗೆ ನಿಂತು, ಸಣ್ಣ ಗಾಳಿಗೂ ಆಚೆ ಕಡೆಗೆ ಬೀಳುತ್ತದೆ. ಅದನ್ನು ಕತ್ತರಿಸಿ ಬೆಸೆಯಬೇಕು.

ಚಕ್ರ

ಚಿಕ್ಕ ಚಕ್ರಗಳಿಂದಲೂ ಎತ್ತರ ಇಳಿಯುತ್ತದೆ. ಹೋಂಡಾ ಸಿಆರ್‌ಎಫ್125ಎಫ್ 17 ಹಾಗೂ 14 ಅಂಗುಲದ ಚಕ್ರಗಳಲ್ಲಿ 739 ಮಿ.ಮೀ. ಆಸನ ಎತ್ತರ ಹೊಂದಿದ್ದರೆ, 19 ಹಾಗೂ 16 ಅಂಗುಲದ ಚಕ್ರಗಳ ರೂಪದಲ್ಲಿ 785 ಮಿ.ಮೀ. ಇದೆ. ಆದರೆ ಚಿಕ್ಕ ಚಕ್ರವು ಕಲ್ಲು, ಬೇರು, ಗುಂಡಿಗಳನ್ನು ಏರಿ ದಾಟುವುದಕ್ಕಿಂತ ಅವುಗಳಿಗೆ ಢಿಕ್ಕಿ ಹೊಡೆಯುವುದೇ ಹೆಚ್ಚು. ನಿಜವಾದ ಜಾಡಿನಲ್ಲಿ ಓಡಾಡುವವರು ದೊಡ್ಡ ಚಕ್ರವನ್ನು ಉಳಿಸಿಕೊಂಡು ಎತ್ತರವನ್ನು ಬೇರೆಡೆ ಇಳಿಸುವುದು ಒಳಿತು.

ಕೈಕಾಲಿಗೆ ಸಿಗುವ ಭಾಗಗಳು

ನೆಲ ಎಟುಕುವ ಚರ್ಚೆಯಲ್ಲಿ ಲಿವರ್ ಎಟುಕುವ ಪ್ರಶ್ನೆ ಮರೆಯಾಗುತ್ತದೆ. ಚಿಕ್ಕ ಕೈಯುಳ್ಳವರು ಕ್ಲಚ್ಚನ್ನು ಬೆರಳ ತುದಿಯಿಂದ ಎಳೆಯುವಾಗ ಮುಂಗೈ ಬೇಗ ಸೋಲುತ್ತದೆ. ದಣಿದ ಕೈ ಕ್ಲಚ್ಚನ್ನು ಥಟ್ಟನೆ ಬಿಡುತ್ತದೆ, ಎಂಜಿನ್ನು ನಿಲ್ಲುತ್ತದೆ. ಎತ್ತರದ ತೊಂದರೆಯೆಂದು ತೋರುವ ಅನೇಕ ಬೀಳುವಿಕೆಗಳ ಮೂಲ ಇಲ್ಲಿದೆ. ಬ್ರೇಕ್ ಹಾಗೂ ಕ್ಲಚ್ ಲಿವರುಗಳ ಬುಡದ ತಿರುಪಿನಿಂದ ಅವುಗಳನ್ನು ಹಿಡಿಯ ಹತ್ತಿರಕ್ಕೆ ತರಬಹುದು. ತಿರುಪಿಲ್ಲದಿದ್ದರೆ ಗಿಡ್ಡ ಲಿವರುಗಳು ದೊರೆಯುತ್ತವೆ. ಲಿವರನ್ನು ಬಾರಿನ ಮೇಲೆ ಒಳಕ್ಕೆ ಸರಿಸಿ, ಒಂದೆರಡು ಬೆರಳುಗಳು ಅದರ ತುದಿಯ ಬಳಿ ಕೂರುವಂತೆ ಮಾಡಿದರೆ ಎಳೆತ ಹಗುರವಾಗುತ್ತದೆ. ಕ್ಲಚ್ ಕೇಬಲ್ಲಿಗೆ ಎಣ್ಣೆ ಬಿಡುವುದು ಇವೆಲ್ಲಕ್ಕಿಂತ ಮೊದಲಿನ ಕೆಲಸ.

ಹ್ಯಾಂಡಲ್ ಬಾರನ್ನು ಎರಡು ತುದಿಗಳಲ್ಲಿ 10ರಿಂದ 20 ಮಿ.ಮೀ. ಕತ್ತರಿಸಿದರೆ ಕಿರಿದಾದ ಭುಜಕ್ಕೆ ಹೊಂದುತ್ತದೆ. ಗೇರ್ ಹಾಗೂ ಬ್ರೇಕ್ ಪೆಡಲುಗಳನ್ನು ಬೂಟು ತೊಟ್ಟೇ ಹೊಂದಿಸಬೇಕು. ವಿದ್ಯುತ್ ಸ್ಟಾರ್ಟರ್ ಇರುವ ಬೈಕನ್ನೇ ಆರಿಸುವುದು ವಿಲಾಸವಲ್ಲ: ಒಂದು ಕಾಲು ನೆಲ ಮುಟ್ಟದ ಸ್ಥಿತಿಯಲ್ಲಿ ಇನ್ನೊಂದು ಕಾಲಿನಿಂದ ಕಿಕ್ ಹೊಡೆಯುವುದು ಅಸಾಧ್ಯಕ್ಕೆ ಸಮೀಪ.

ಗೇರ್ ಅನುಪಾತ

ಮುಂದಿನ ಹಲ್ಲುಚಕ್ರದಲ್ಲಿ 13 ಹಲ್ಲುಗಳ ಬದಲಿಗೆ 12 ಹಾಕಿದರೆ ಅನುಪಾತ ಸುಮಾರು ಶೇಕಡ 8ರಷ್ಟು ತಗ್ಗುತ್ತದೆ. ಗರಿಷ್ಠ ವೇಗ ಕಡಿಮೆಯಾದರೂ ನಡೆಯುವ ವೇಗದಲ್ಲಿ ಎಂಜಿನ್ನು ನಿಲ್ಲದೆ ಎಳೆಯುತ್ತದೆ. ಬೈಕು ನಿಲ್ಲದಿದ್ದರೆ ಕಾಲೂರುವ ಪ್ರಸಂಗವೇ ಬರುವುದಿಲ್ಲವಾದುದರಿಂದ, ಈ ಅಗ್ಗದ ಬದಲಾವಣೆಯೂ ಒಂದರ್ಥದಲ್ಲಿ ಎತ್ತರದ ಪರಿಹಾರವೇ. ಹಗುರ ಸವಾರರು ಟೈರಿನ ಗಾಳಿಯನ್ನೂ ತುಸು ಇಳಿಸಬಹುದು. ತೀರ ಇಳಿಸಿದರೆ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಲುಕಿ ತೂತಾಗುತ್ತದೆ.

ಭಾರತದಲ್ಲಿ

ಭಾರತದಲ್ಲಿ ಮೇಲಿನ ವರ್ಗದ ಬೈಕುಗಳು ವಿರಳ. ಕವಾಸಾಕಿಯ ಕೆಎಲ್ಎಕ್ಸ್ ಸರಣಿಯ ಕೆಲವು ಮಾದರಿಗಳು ಮಾರಾಟಕ್ಕೆ ಬಂದಿದ್ದರೂ ರಸ್ತೆ ನೋಂದಣಿಯಿಲ್ಲದ ಅಂಥ ಬೈಕನ್ನು ಸವಾರಿಯ ಜಾಗಕ್ಕೆ ಬೇರೆ ವಾಹನದಲ್ಲಿ ಸಾಗಿಸಬೇಕಾಗುತ್ತದೆ. ಬಹುಪಾಲು ಹವ್ಯಾಸಿಗಳ ಆಯ್ಕೆ 2019ರಲ್ಲಿ ಬಿಡುಗಡೆಯಾದ ಹೀರೋ ಎಕ್ಸ್‌ಪಲ್ಸ್ 200. ಅದರ ಆಸನದ ಎತ್ತರ 823 ಮಿ.ಮೀ., ತೂಕ 154 ಕೆ.ಜಿ. ಟಿಟಿ-ಆರ್125ಎಲ್‌ಇಗಿಂತ ಎತ್ತರದಲ್ಲಿ 18 ಮಿ.ಮೀ. ಮಾತ್ರ ಹೆಚ್ಚು, ತೂಕದಲ್ಲಿ 64 ಕೆ.ಜಿ. ಹೆಚ್ಚು. ವಾಲಿದ ಬೈಕನ್ನು ಒಂದೇ ಕಾಲಿನ ಮೇಲೆ ತಡೆಯಬೇಕಾದವರಿಗೆ ಎರಡನೆಯ ಅಂಕಿಯೇ ಮುಖ್ಯ. ಆಸನ ಕೊರೆಯುವ ಕೆಲಸಕ್ಕೆ ಮಾತ್ರ ಇಲ್ಲಿ ಕೊರತೆಯಿಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆಗಳಲ್ಲಿ ಸೀಟು ಹೊಲಿಯುವ ನುರಿತ ಕೈಗಳಿವೆ.

1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವು, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿರ್ಬಂಧವನ್ನು ಎತ್ತಿಹಿಡಿದಿದೆ. ರಸ್ತೆಯ ಮೇಲೂ ಓಡುವ ಬೈಕಿನ ಮಾಲೀಕರು ಚೌಕಟ್ಟನ್ನು ಕತ್ತರಿಸಿ ಬೆಸೆಯುವಂಥ ಕೆಲಸಕ್ಕೆ ಮೊದಲು ನೋಂದಣಿ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕಾಗುತ್ತದೆ.