ಯಶಸ್ವಿನಿ ಯೋಜನೆ

ಕರ್ನಾಟಕದ ಸಹಕಾರ ಸಂಘಗಳ ಸದಸ್ಯರಿಗೂ ಅವರ ಕುಟುಂಬದವರಿಗೂ ನೋಂದಾಯಿತ ಆಸ್ಪತ್ರೆಗಳಲ್ಲಿ ನಗದುರಹಿತ ಶಸ್ತ್ರಚಿಕಿತ್ಸೆ ಒದಗಿಸುವ, ವಂತಿಗೆ ಆಧಾರಿತ ಆರೋಗ್ಯ ರಕ್ಷಣಾ ಯೋಜನೆ. ಹೃದ್ರೋಗ ತಜ್ಞ ಡಾ. ದೇವಿ ಶೆಟ್ಟಿ ಅವರ ಪರಿಕಲ್ಪನೆಯಂತೆ ಸಹಕಾರ ಇಲಾಖೆಯ ಮೂಲಕ 2003ರ ಜೂನ್‌ನಲ್ಲಿ ಜಾರಿಗೆ ಬಂತು. ಆಗಿನ ವಾರ್ಷಿಕ ವಂತಿಗೆ ತಲೆಗೆ 60 ರೂಪಾಯಿ. 2018ರಲ್ಲಿ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವಿಲೀನಗೊಂಡು, 2022–23ರಲ್ಲಿ ಮತ್ತೆ ಪ್ರತ್ಯೇಕವಾಗಿ ಆರಂಭವಾಯಿತು. ಮರುಜಾರಿಯಾದಾಗ ಗ್ರಾಮೀಣ ಭಾಗದ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ವಂತಿಗೆ, 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ನಿಗದಿಯಾಯಿತು.

ಯೋಜನೆಯ ನಿಜವಾದ ಬಲ ವಿಮೆಯ ಲೆಕ್ಕಾಚಾರಕ್ಕಿಂತ ಹೆಚ್ಚಾಗಿ ಸಂಘಗಳ ಜಾಲದಲ್ಲಿದೆ. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿ ಸುತ್ತಿನ ಕಬ್ಬು, ಭತ್ತದ ಸೀಮೆಯಲ್ಲಿ ದಿನಕ್ಕೆರಡು ಹೊತ್ತು ಹಾಲು ಹಾಕುವ ಡೇರಿಯೂ ಬೆಳೆಸಾಲ ಕೊಡುವ ಪತ್ತಿನ ಸಂಘವೂ ರೈತರಿಗೆ ನಿತ್ಯದ ಪರಿಚಯ. ಪಡಿತರ ಚೀಟಿ, ಆಧಾರ್, ಫೋಟೊ ಕೊಟ್ಟು ಅಲ್ಲಿಯೇ ಹಣ ಕಟ್ಟಬಹುದಾದ್ದರಿಂದ ವಸೂಲಿಗೆ ಹೊಸ ಕಚೇರಿ ಬೇಕಾಗಲಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇರುವಾಗ ಇದು ಅನಗತ್ಯವೆಂಬ ಆಕ್ಷೇಪವಿದೆ. ಆದರೆ ಅದರಡಿ ಬಡತನ ರೇಖೆಗಿಂತ ಮೇಲಿನ (ಎಪಿಎಲ್) ಕುಟುಂಬಕ್ಕೆ ಸಿಗುವುದು ನಿಗದಿತ ವೆಚ್ಚದ ಶೇ. 30 ಮಾತ್ರ, ಉಳಿದದ್ದಕ್ಕೆ ಸಾಲ ಮಾಡಬೇಕಾದ ಸಣ್ಣ ಹಿಡುವಳಿದಾರನಿಗೆ ಯಶಸ್ವಿನಿಯೇ ಆಸರೆ. ಸಂಘದ ಸದಸ್ಯತ್ವವಿಲ್ಲದ ಕೂಲಿಕಾರರು ಹೊರಗುಳಿಯುತ್ತಾರೆಂಬ ಆಕ್ಷೇಪ ಹೆಚ್ಚು ಗಟ್ಟಿಯಾದುದು. ಸ್ವಸಹಾಯ ಗುಂಪುಗಳನ್ನು ಸೇರಿಸಿಕೊಂಡರೂ ಅದು ಪೂರ್ತಿ ನೀಗಿಲ್ಲ. ಇನ್ನೊಂದು ಮಿತಿಯೂ ಗಂಭೀರವಾದುದು: ಯೋಜನೆ ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ ಸೀಮಿತ. ಬಿಪಿ, ಸಕ್ಕರೆ ಕಾಯಿಲೆಗೆ ದಿನವೂ ನುಂಗುವ ಮಾತ್ರೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಅದು ಸಿಗಬೇಕಾದುದು ಊರಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ.