ಕಾವೇರಿಯ ಮಿಂಚನ್ನು ಹೊತ್ತ ಪಿಂಗಾಣಿ

1902ರ ಜೂನ್ 30. ಶಿವನಸಮುದ್ರದ ಬಂಡೆಗಳಿಂದ ಕಾವೇರಿ ಧುಮುಕುವಲ್ಲಿ ಹುಟ್ಟಿದ ವಿದ್ಯುತ್ತು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಆ ದಿನವನ್ನು ಕಾಣಲು, ಈ ಯೋಜನೆಯ ಹಿಂದಿದ್ದ ಮೈಸೂರಿನ ದಿವಾನ್ ಶೇಷಾದ್ರಿ ಅಯ್ಯರ್ ಇರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು. ಅವರ ಹೆಸರೂ ಯೋಜನೆಯ ಎಂಜಿನಿಯರ್ ಡಿ ಲಾಟ್‌ಬಿನಿಯೇರ್ ಹೆಸರೂ ಚರಿತ್ರೆಯಲ್ಲಿ ನಿಂತಿವೆ, ನಿಲ್ಲಬೇಕಾದದ್ದೇ. ಆದರೆ ಸುಮಾರು 35,000 ವೋಲ್ಟಿನ ತಂತಿಯನ್ನು ಕಂಬಕ್ಕೆ ತಾಗಗೊಡದೆ ಹಗಲಿರುಳು ಎತ್ತಿ ಹಿಡಿದ ಪಿಂಗಾಣಿಯ ಕತೆ ಹೇಳಿದವರು ವಿರಳ.

ಆ ಕತೆಯ ಬೇರು ಲಂಡನ್ನಿನಲ್ಲಿದೆ. 1837ರಲ್ಲಿ ಮೈಕೆಲ್ ಫ್ಯಾರಡೆ ಒಂದರೊಳಗೊಂದು ಇಟ್ಟ ಹಿತ್ತಾಳೆಯ ಗೋಳಗಳ ಎರಡು ಜೋಡಿ ಮಾಡಿಸಿದ. ಒಂದರ ನಡುವೆ ಬರಿಯ ಗಾಳಿ, ಇನ್ನೊಂದರಲ್ಲಿ ಅರಗು. ಚನ್ನಪಟ್ಟಣದ ಗೊಂಬೆಗೆ ಬಣ್ಣದ ಹೊಳಪು ಕೊಡುವ, ಪಾಂಡವರನ್ನು ಸುಡಲೆಂದು ಮನೆ ಕಟ್ಟಿಸಿದ್ದ ಅದೇ ಅರಗು. ಒಂದು ಜೋಡಿಗೆ ವಿದ್ಯುದಂಶ ತುಂಬಿ ಇನ್ನೊಂದಕ್ಕೆ ಮುಟ್ಟಿಸಿದಾಗ ಪಾಲು ಸಮವಾಗಲಿಲ್ಲ. ಅರಗಿದ್ದ ಜೋಡಿಯೇ ಹೆಚ್ಚು ಹಿಡಿದಿಟ್ಟಿತು. ಗಾಳಿಯ ಶಕ್ತಿಯನ್ನು 1 ಎಂದಿಟ್ಟು ಅವನು ಕೊಟ್ಟ ಲೆಕ್ಕ: ಅರಗಿಗೆ ಸುಮಾರು 2, ಗಂಧಕಕ್ಕೆ 2.24. ವಿದ್ಯುತ್ತನ್ನು ಹರಿಯಗೊಡದ ವಸ್ತು ಸುಮ್ಮನೆ ಕೂತ ಗೋಡೆಯಲ್ಲ, ಅದೂ ಒಳಗೊಳಗೇ ಮಿಡಿಯುತ್ತದೆ ಎಂಬುದು ಅಂದು ತಿಳಿಯಿತು. ನನ್ನ ಮಟ್ಟಿಗೆ ವಿದ್ಯುತ್ ಯುಗದ ಮಹತ್ವದ ದಿನಗಳಲ್ಲಿ ಅದೂ ಒಂದು.

ಮಿಡಿಯುವ ಬಗೆ ಹೀಗೆ. ತಾಮ್ರದಲ್ಲಿ ಎಲೆಕ್ಟ್ರಾನುಗಳು ಸ್ವೇಚ್ಛೆಯಾಗಿ ಅಲೆಯುತ್ತವೆ. ಅವಾಹಕದಲ್ಲಿ ಅವು ಗೂಟಕ್ಕೆ ಕಟ್ಟಿದ ದನದಂತೆ. ಹಗ್ಗ ಎಳೆದಷ್ಟೇ ದೂರ. ವಿದ್ಯುತ್ ಕ್ಷೇತ್ರ ಬಿದ್ದೊಡನೆ ಋಣ ಒಂದು ಕಡೆಗೆ, ಧನ ಇನ್ನೊಂದು ಕಡೆಗೆ ಕೂದಲೆಳೆಗಿಂತ ಎಷ್ಟೋ ಕಡಿಮೆ ಸರಿದು, ಹೊರಗಿನ ಕ್ಷೇತ್ರಕ್ಕೆ ಎದುರಾಗಿ ತಮ್ಮದೇ ಸಣ್ಣ ಕ್ಷೇತ್ರವನ್ನು ಕಟ್ಟುತ್ತವೆ. ಇದೇ ಧ್ರುವೀಕರಣ. ಶಿವನಸಮುದ್ರದ ವಿದ್ಯುತ್ತು ಸೆಕೆಂಡಿಗೆ 25 ಆವರ್ತದ್ದು. ಎಂದರೆ ಪಿಂಗಾಣಿಯ ಕಣಕಣವೂ ಸೆಕೆಂಡಿಗೆ ಐವತ್ತು ಸಲ ಮಗ್ಗುಲು ಬದಲಿಸಬೇಕಿತ್ತು. ಕ್ಷೇತ್ರ ಮಿತಿ ಮೀರಿದರೆ ಹಗ್ಗವೇ ಹರಿದು ವಸ್ತು ಸೀಳುತ್ತದೆ. ಒಣ ಗಾಳಿ ಸೆಂಟಿಮೀಟರಿಗೆ ಸುಮಾರು 30,000 ವೋಲ್ಟಿಗೆ ಸೋಲುತ್ತದೆ.

ಯಂತ್ರಗಳನ್ನು ಹೊರನಾಡಿನಿಂದ ತರಿಸಿದ್ದ ಮೈಸೂರು ಕ್ರಮೇಣ ಪಿಂಗಾಣಿಯನ್ನು ತಾನೇ ಸುಡಲು ಕಲಿಯಿತು. ಮಿರ್ಜಾ ಇಸ್ಮಾಯಿಲರ ದಿವಾನಗಿರಿಯಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಪಿಂಗಾಣಿ ಕಾರ್ಖಾನೆ ಎದ್ದಿತು. 1976ರಲ್ಲಿ ಅದು ಬಿ.ಎಚ್.ಇ.ಎಲ್. ಪಾಲಾಯಿತು.

ಕರಾವಳಿಯಲ್ಲಿ ಪಿಂಗಾಣಿಯ ಕತೆ ಬೇರೆ. ಶಿವನಸಮುದ್ರದಲ್ಲಿ ವಿದ್ಯುತ್ತು ಹುಟ್ಟಿದಾಗ ಕಾರವಾರ, ಅಂಕೋಲೆಗಳ ನಡುವಿನ ಕಡಲತಡಿಯ ಹಾರವಾಡ ಬೇರೆ ಆಳ್ವಿಕೆಯ ಊರು. ಮುಂಬಯಿ ರಾಜ್ಯದಿಂದ ಅದು ನಮ್ಮತ್ತ ಬಂದದ್ದು 1956ರಲ್ಲಿ. ಅಲ್ಲಿ ಪಿಂಗಾಣಿಗೆ ಎದುರಾಗುವ ವೈರಿಯೂ ಬೇರೆ. 1930ರಲ್ಲಿ ಅಂಕೋಲೆಯ ಜನ ಯಾವ ಉಪ್ಪಿಗಾಗಿ ಸತ್ಯಾಗ್ರಹ ಹೂಡಿದರೋ ಅದೇ ಉಪ್ಪು ಕಡಲ ಗಾಳಿಯಲ್ಲಿ ತೇಲಿಬಂದು ತಂತಿ ಹಿಡಿದ ಪಿಂಗಾಣಿ ಇನ್ಸುಲೇಟರಿನ ಮೈಗೆ ಅಂಟುತ್ತದೆ. ಒಣಗಿರುವಷ್ಟು ಹೊತ್ತು ಅದರಿಂದ ಕೇಡಿಲ್ಲ. ಬೆಳಗಿನ ಇಬ್ಬನಿ ಬಿದ್ದರೆ ಕರಗಿ, ತೆಳುವಾದ ಹಾದಿಯಾಗಿ, ವಿದ್ಯುತ್ತನ್ನು ಮೈಮೇಲೆಯೇ ಹರಿಸುತ್ತದೆ. ಚಟಪಟ ಕಿಡಿ ಹಾರಿ ಕೊನೆಗೆ ತಂತಿಯಿಂದ ಕಂಬಕ್ಕೆ ಬೆಂಕಿಯ ಸೇತುವೆ ಕಟ್ಟುತ್ತದೆ. ಒಳಗಿನ ಪಿಂಗಾಣಿ ಗಟ್ಟಿಯಿದ್ದೂ ಸೋಲುವುದು ಹೀಗೆ. ಇನ್ಸುಲೇಟರಿಗೆ ಛತ್ರಿಯಂಥ ನೆರಿಗೆಗಳಿರುವುದು ಆ ಹಾದಿಯನ್ನು ಉದ್ದ ಮಾಡಲು, ಅಡಿಭಾಗವನ್ನು ಒಣದಾಗಿಡಲು. ಜೋರು ಮಳೆ ಬಂದರೆ ಉಪ್ಪು ತೊಳೆದುಹೋಗುತ್ತದೆ. ಮಂಜು, ತುಂತುರು ಮಾತ್ರ ಅಪಾಯದವು.

ಹಾರವಾಡದ ನಿಲ್ದಾಣದ ಮೇಲೆ ಹಾಯುವ ಕೊಂಕಣ ರೈಲುಮಾರ್ಗದ ವಿದ್ಯುದೀಕರಣ 2022ರ ಜೂನ್ 20ರಂದು ರಾಷ್ಟ್ರಕ್ಕೆ ಸಮರ್ಪಿತವಾಯಿತು. ಅಲ್ಲಿನ ತಂತಿಯಲ್ಲಿ 25,000 ವೋಲ್ಟ್. ಶಿವನಸಮುದ್ರದ್ದಕ್ಕಿಂತ ಅದು ಕಡಿಮೆ. ಆದರೆ ಕಡಲ ಮಗ್ಗುಲಲ್ಲಿ ಅದನ್ನು ಹಿಡಿದು ನಿಲ್ಲುವುದು ಹೆಚ್ಚು ಕಷ್ಟದ ಕೆಲಸ.